ಸೋಲಾರ್ ಹಲಗೆಗೆ ವಿಭೂತಿ

ಈ ಸಲ ವಿಜಯದಶಮಿಯ ಬೆಳಿಗ್ಗೆ ನನಗೆ ಬಂದ ಮೊದಲ ಫೋನು ಹಬ್ಬದ ಶುಭಾಶಯದ್ದಲ್ಲ.

"ಮೇಷ್ಟ್ರೇ, ಎದ್ದಿದೀರಾ? ನಮ್ಮ ಫ್ಯಾಕ್ಟರಿ ಮೇಲಿನ ಸೋಲಾರಿಗೆ ಯಾರೋ ಏನೋ ಮಾಡಿದಾರೆ. ಕರೆಂಟು ಅರ್ಧಕ್ಕರ್ಧ ಬಿದ್ದೋಗಿದೆ. ಸ್ವಲ್ಪ ಹೋಗಿ ನೋಡ್ಕೊಂಡ್ ಬರ್ತೀರಾ?"

ಫೋನ್ ಮಾಡಿದವರು ಚಂದ್ರಣ್ಣ. ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಅವರದೊಂದು ನೋಟ್‌ಬುಕ್ ಫ್ಯಾಕ್ಟರಿ ಇದೆ. ನಾನು ಅಲ್ಲಿ ಪ್ರೂಫ್ ನೋಡುತ್ತೇನೆ. ನೋಟ್‌ಬುಕ್ಕಿನಲ್ಲಿ ಪ್ರೂಫ್ ನೋಡುವುದಕ್ಕೆ ಏನಿರುತ್ತದೆ ಅಂತೀರಾ? ಹಿಂದಿನ ರಟ್ಟಿನ ಮೇಲೆ ಮಗ್ಗಿ ಇರುತ್ತದಲ್ಲ, ಅದು. ಜೊತೆಗೆ ಅವರು ಅಚ್ಚು ಹಾಕುವ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು. (ಮೇಷ್ಟ್ರು ಅನ್ನುವುದು ಅಲ್ಲಿನವರು ಪ್ರೀತಿಯಿಂದ ಕೊಟ್ಟ ಬಿರುದು. ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವನು ನಾನು, ಯಾರಿಗೂ ಪಾಠ ಹೇಳಿಲ್ಲ.)

"ಮೋಡ ಇರಬಹುದು ಚಂದ್ರಣ್ಣ," ಅಂದೆ.

"ಕಿಟಕಿ ತೆಗೆದು ನೋಡಿ. ಒಂದ್ ತುಂಡು ಮೋಡ ಇಲ್ಲ. ಸೋಲಾರ್ ಕೂರಿಸಿದ್ರಲ್ಲ, ಆ ಸಹನಾ ಮೇಡಂ ನಿನ್ನೆ ಸಾಯಂಕಾಲದಿಂದ ಮೊಬೈಲಲ್ಲಿ ನೋಡ್ತಾನೇ ಇದಾರಂತೆ. ನಿನ್ನೆ ಮೋಡ ಅಂದ್ಕೊಂಡ್ರಂತೆ. ಇವತ್ತು ಬಿಸಿಲು ಹಿಂಗಿದ್ರೂ ಕರೆಂಟು ಏಳ್ತಾ ಇಲ್ಲ. ನಂಗೊತ್ತು ಇದು ಯಾರ ಕೆಲಸ ಅಂತ."

"ಯಾರು?"

"ಇನ್ಯಾರು? ಮುನಿಯಪ್ಪ."

ನನ್ನ ತಲೆಯಲ್ಲೂ ಅದೇ ಹೆಸರು ಬಂದಿತ್ತು.

"ನಾನೇ ಬಂದ್ರೆ ಕೋಪದಲ್ಲಿ ಏನಾದ್ರೂ ಅಂದ್ಬಿಡ್ತೀನಿ. ಹಬ್ಬದ ದಿನ, ಬೇಡ. ನೀವು ನೋಡಿ. ಬೇಕಂತ ಮಾಡಿದಾನೋ ಇಲ್ವೋ, ನೀವು ಏನ್ ಹೇಳ್ತೀರೋ ಅದನ್ನ ನಂಬ್ತೀನಿ. ಬೇಕಂತ್ಲೇ ಮಾಡಿದ್ರೆ ನಾಳೆಯಿಂದ ಅವನು ಗೇಟ್ ಒಳಗೆ ಕಾಲಿಡೋದು ಬೇಡ."

ಫೋನ್ ಇಟ್ಟರು.

ಗೇಟ್ ಒಳಗೆ ಕಾಲಿಡಬಾರದು ಅಂದರೆ ಮುನಿಯಪ್ಪ ಎಲ್ಲಿಗೆ ಹೋಗಬೇಕು? ಅವರ ಮನೆ ಇರುವುದೇ ಗೇಟಿನ ಒಳಗೆ. ಜನರೇಟರ್ ಶೆಡ್ಡಿಗೆ ಅಂಟಿಕೊಂಡಿರುವ ಒಂದು ಕೋಣೆ. ಚಂದ್ರಣ್ಣನ ತಂದೆಯ ಕಾಲದಲ್ಲಿ ಜನರೇಟರ್ ನೋಡಿಕೊಳ್ಳಲು ಬಂದವರು. ಹೆಂಡತಿ ಸತ್ತ ಮೇಲೂ ಅದೇ ಕೋಣೆ, ಅದೇ ಜನರೇಟರು. ಚಂದ್ರಣ್ಣನ ತಲೆ ಬೆಳ್ಳಗಾಗಿದ್ದರೂ ಅವರನ್ನು ಇವತ್ತಿಗೂ 'ಚಿಕ್ಕೆಜಮಾನ್ರು' ಅಂತಲೇ ಕರೆಯುತ್ತಾರೆ.

ಅಂಥವರ ಮೇಲೆ ಅನುಮಾನ ಯಾಕೆ ಬಂತು? ಅದನ್ನು ಹೇಳಬೇಕಾದರೆ ಸೋಲಾರ್ ಬಂದ ಕತೆ ಹೇಳಬೇಕು.

ಆ ಕಟ್ಟಡ ನೀವು ನೋಡಿದ್ದರೂ ನೋಡಿರುತ್ತೀರಿ. ಕಲ್ಲಿನ ಕಂಬಗಳ ಹಳೇ ಕಟ್ಟಡ, ಮೂರು ಅಂತಸ್ತು. ಕೆಳಗೆ ಕಾಗದ ಕತ್ತರಿಸುವ ಮಷೀನು, ಮಧ್ಯದಲ್ಲಿ ಗೆರೆ ಹಾಕುವ ಮಷೀನುಗಳು, ಮೇಲೆ ಬೈಂಡಿಂಗ್. ಕರೆಂಟು ಹೋದರೆ ಮೂರು ಅಂತಸ್ತೂ ಒಟ್ಟಿಗೆ ನಿಲ್ಲುತ್ತಿತ್ತು. ಆಗ ಮುನಿಯಪ್ಪ ಓಡಿ ಹೋಗಿ ಜನರೇಟರ್ ಹಚ್ಚುವುದು. ಅದು ಕಪ್ಪಗೆ, ದಪ್ಪಗೆ, ಹೊಗೆ ಉಗುಳುತ್ತಾ ಗುರ್ ಅನ್ನುವುದು. ಎಲ್ಲರೂ ಅದಕ್ಕೆ 'ಎಮ್ಮೆ' ಅನ್ನುತ್ತಿದ್ದರು. ಎಮ್ಮೆ ಕೂಗಿದರೆ ಪಕ್ಕದ ಬೀದಿಯವರೂ ಕಿಟಕಿ ಮುಚ್ಚಬೇಕು.

ಈ ವರ್ಷ ಚಂದ್ರಣ್ಣ ತಾರಸಿಯ ತುಂಬ ಸೋಲಾರ್ ಹಾಕಿಸಿದರು. ಕೆಳಗಿನ ಕೋಣೆಯಲ್ಲಿ ಬ್ಯಾಟರಿಗಳು. ಹಗಲು ಸೂರ್ಯನಿಂದ ಬಂದದ್ದು ಮಷೀನುಗಳಿಗೆ, ಮಿಕ್ಕಿದ್ದು ಬ್ಯಾಟರಿಗೆ, ಅದೂ ತುಂಬಿದರೆ ಬೀದಿಯ ಲೈನಿಗೆ. ಇದನ್ನೆಲ್ಲಾ ಕೂರಿಸಿದವಳು ಸಹನಾ ಅನ್ನುವ ಇಂಜಿನಿಯರ್ ಹುಡುಗಿ. ಮಲ್ಲೇಶ್ವರದಿಂದ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದಳು. ಮಾತು ಕಡಿಮೆ, ಮೊಬೈಲ್ ಜಾಸ್ತಿ.

ಮೊದಲ ದಿನ ಅವಳು ಸ್ವಿಚ್ ಹಾಕಿದಾಗ ನಾನು ಕೆಳಗೆ ಕತ್ತರಿಸುವ ಮಷೀನಿನ ಪಕ್ಕದಲ್ಲೇ ನಿಂತಿದ್ದೆ. ಮೊಣಕೈ ಎತ್ತರದ ಕಾಗದದ ರಾಶಿ. ಮೇಲಿಂದ ಬ್ಲೇಡು ಇಳಿಯಿತು. ಬೆಣ್ಣೆ ಕತ್ತರಿಸಿದ ಹಾಗೆ ಇಳಿದು, ಮೇಲೆ ಹೋಗಿ, ಮತ್ತೆ ಇಳಿಯಿತು. ಹೊಗೆ ಇಲ್ಲ. ಸದ್ದಿಲ್ಲ. ಬೈಂಡಿಂಗಿನ ಸರೋಜಮ್ಮ ಮೇಲಿನಿಂದ ಇಳಿದು ಬಂದು, ಬಾಗಿಲ ಆಚೆಯ ಬಿಸಿಲನ್ನೊಮ್ಮೆ, ಬ್ಲೇಡನ್ನೊಮ್ಮೆ ನೋಡಿ, "ಇದನ್ನ ಎಳೀತಿರೋದು ಆ ಬಿಸಿಲಾ?" ಅಂದರು.

ನನಗೆ ಮೈ ಜುಮ್ಮೆಂದಿತು.

ನಾನು ಎಸ್ಸೆಸ್ಸೆಲ್ಸಿ ಕಟ್ಟಿದಾಗ ವಿಜ್ಞಾನದಲ್ಲಿ ಒಂದು ಅಂಕದ ಪ್ರಶ್ನೆಯಿತ್ತು. ಭೂಮಿಯ ಮೇಲಿನ ಎಲ್ಲ ಶಕ್ತಿಯ ಮೂಲ ಯಾವುದು? ಸೂರ್ಯ ಅಂತ ಬರೆದೆ. ಅಂಕ ಬಂತು. ಬಾಯಿಪಾಠ ಮಾಡಿ ಬರೆದದ್ದು, ಅಷ್ಟೆ. ನಮ್ಮ ಮಧುಗಿರಿ ಕಡೆ ಬಿಸಿಲು ಅಂದರೆ ತಪ್ಪಿಸಿಕೊಳ್ಳಬೇಕಾದ ಒಂದು ಸಂಗತಿ. ಟವಲು ತಲೆಗೆ ಹಾಕಿಕೊಂಡು, ಗೋಡೆ ನೆರಳಲ್ಲಿ ಸರಿದು, ಮನೆ ಸೇರಿಕೊಳ್ಳಬೇಕು. ಅದು ಒಂದು ದಿನ ತಾರಸಿ ಮೇಲೆ ಸುಮ್ಮನೆ ಮಲಗಿ, ಗೋಡೆಯೊಳಗಿನ ತಂತಿಯಲ್ಲಿ ಇಳಿದು ಬಂದು, ಮಕ್ಕಳ ನೋಟ್‌ಬುಕ್ಕು ಕತ್ತರಿಸುತ್ತದೆ ಅಂತ ಯಾರು ಅಂದುಕೊಂಡಿದ್ದರು?

ಎಲ್ಲರೂ ಬೆರಗಾಗಿದ್ದರು. ಮುನಿಯಪ್ಪ ಒಬ್ಬರನ್ನು ಬಿಟ್ಟು.

ಒಂದು ಮಧ್ಯಾಹ್ನ ಬೀದಿಗೆಲ್ಲ ಕರೆಂಟು ಹೋಯಿತು. ಅಕ್ಕಪಕ್ಕದ ಜನರೇಟರುಗಳು ಒಂದೊಂದಾಗಿ ಗುಡುಗಿದವು. ನಮ್ಮಲ್ಲಿ ಫ್ಯಾನು ಕೂಡ ನಿಲ್ಲಲಿಲ್ಲ. ಆದರೆ ಮುನಿಯಪ್ಪನಿಗೆ ಬೀದಿಯ ಸದ್ದು ಕೇಳಿತ್ತು. ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಶೆಡ್ಡಿಗೆ ಓಡಿದರು. ಸ್ಟಾರ್ಟರಿನ ಮೇಲೆ ಕೈಯಿಟ್ಟರು. ಆಮೇಲೆ ಮೇಲಿನ ಅಂತಸ್ತುಗಳಿಂದ ಮಷೀನುಗಳ ಸದ್ದು ಎಂದಿನಂತೆ ಬರುತ್ತಿರುವುದು ಅವರಿಗೆ ಕೇಳಿಸಿತು. ಕೈ ತೆಗೆಯದೆ ಹಾಗೇ ನಿಂತುಬಿಟ್ಟರು.

"ಮುನಿಯಣ್ಣ, ಇನ್ಮೇಲೆ ನಿನ್ನ ಎಮ್ಮೆಗೆ ಮೇವು ಬೇಡ ಬಿಡು. ಊಟ ಮುಗ್ಸು ಬಾ," ಅಂತ ಸರೋಜಮ್ಮ ಕಿಟಕಿಯಿಂದ ಕೂಗಿದರು. ಹೆಂಗಸರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ. ಆದರೂ ನಕ್ಕರು.

ಮುನಿಯಪ್ಪ ತಿರುಗಿ, "ಈ ಗಾಜಿನ ಹಲಗೆ ನಂಬ್ಕೊಂಡು ಎಷ್ಟ್ ದಿನ ಕುಣೀತೀರೋ ಕುಣೀರಿ. ಮೋಡ ಬರ್ಲಿ, ಅವತ್ತು ನೋಡ್ತೀನಿ," ಅಂದರು. ಇದನ್ನು ಎಲ್ಲರೂ ಕೇಳಿಸಿಕೊಂಡರು. ಚಂದ್ರಣ್ಣ ಕೂಡ.

ದಸರಾ ಮುಗಿದ ಮೇಲೆ ಜನರೇಟರ್ ಮಾರುವ ವಿಷಯ ತೀರ್ಮಾನ ಮಾಡುತ್ತೇನೆ ಅಂತ ಚಂದ್ರಣ್ಣ ಹೇಳಿದ್ದರು. ಜನರೇಟರ್ ಹೋದರೆ ಜನರೇಟರ್ ನೋಡಿಕೊಳ್ಳುವವರು? ಅದನ್ನು ಅವರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇಷ್ಟೆಲ್ಲಾ ತಲೆಯಲ್ಲಿ ಇಟ್ಟುಕೊಂಡು ಅವತ್ತು ಬೆಳಿಗ್ಗೆ ನಾನು ಫ್ಯಾಕ್ಟರಿ ಗೇಟು ತಳ್ಳಿದೆ.

ಹಿಂದಿನ ದಿನ ಆಯುಧಪೂಜೆ ಆಗಿತ್ತು. ಅಂಗಳದ ತುಂಬ ಚೆಂಡು ಹೂವಿನ ಎಸಳು, ಕಡ್ಲೆಪುರಿ, ಒಡೆದ ಬೂದುಗುಂಬಳದ ಕುಂಕುಮ. ಮಷೀನುಗಳು ಹಣೆಗೆ ಬೊಟ್ಟು ಇಟ್ಟುಕೊಂಡು, ಹಾರ ಹಾಕಿಕೊಂಡು, ಮದುವೆ ಮನೆಯಲ್ಲಿ ಊಟಕ್ಕೆ ಕಾದ ಹಿರಿಯರ ಹಾಗೆ ಕೂತಿದ್ದವು. ಶೆಡ್ಡಿನೊಳಗೆ ಇಣುಕಿದೆ. ಪ್ರತಿವರ್ಷ ಈ ಎಮ್ಮೆಗೆ ಆಗುವ ಅಲಂಕಾರ ನೋಡಬೇಕು ನೀವು. ಎರಡು ಕಡೆ ಬಾಳೆಕಂದು, ತೋಳು ದಪ್ಪದ ಸೇವಂತಿಗೆ ಹಾರ, ಮೈತುಂಬ ಕುಂಕುಮ. ಮುನಿಯಪ್ಪ ಅದಕ್ಕೆ ಪೂಜೆ ಮಾಡದೆ ಫ್ಯಾಕ್ಟರಿಯ ಬೇರೆ ಯಾವ ಮಷೀನಿಗೂ ಆರತಿ ಇಲ್ಲ. ಅದು ಚಂದ್ರಣ್ಣನ ತಂದೆ ಕಾಲದಿಂದ ನಡೆದು ಬಂದ ಪದ್ಧತಿ.

ಈ ಸಲ ಎಮ್ಮೆಯ ಹಣೆ ಮೇಲೆ ಒಂದೇ ಒಂದು ಕುಂಕುಮದ ಬೊಟ್ಟು. ಬುಡದಲ್ಲಿ ಒಂದು ನಿಂಬೆಹಣ್ಣು. ಅಷ್ಟೇ.

ನಿನ್ನೆ ಪೂಜೆಯ ಗಡಿಬಿಡಿಯಲ್ಲಿ ನಾವ್ಯಾರೂ ಇತ್ತ ಇಣುಕಿರಲಿಲ್ಲ. ಇಷ್ಟೊಂದು ಮುನಿಸಾ? ಸ್ವಂತ ಮಷೀನಿಗೇ ಪೂಜೆ ಮಾಡಲು ಕೈ ಬಾರದಷ್ಟು ಮನಸ್ಸು ಕೆಟ್ಟಿದೆ ಅಂದಮೇಲೆ ತಾರಸಿಯಲ್ಲಿ ಏನು ಮಾಡಿರಬಹುದು? ಕಲ್ಲು ಎತ್ತಿ ಹಾಕಿದರಾ? ತಂತಿ ಕಿತ್ತರಾ?

ಮೆಟ್ಟಿಲು ಹತ್ತಿ ತಾರಸಿಯ ಬಾಗಿಲು ತೆಗೆದೆ.

ತೆಗೆದವನು ಬಾಗಿಲಲ್ಲೇ ನಿಂತೆ.

ತಾರಸಿಯ ಈ ಮೂಲೆಯಿಂದ ಆ ಮೂಲೆಯವರೆಗೆ, ಒಂದೊಂದು ಪ್ಯಾನೆಲ್ಲಿನ ಮೇಲೂ ಮೂರು ಪಟ್ಟೆ ವಿಭೂತಿ. ಅಂಗೈ ಅಗಲದ ಪಟ್ಟೆಗಳು. ಮಧ್ಯದಲ್ಲಿ ಗಂಧ, ಅದರ ಮೇಲೆ ಕುಂಕುಮ. ಸಾಲಿನ ಎರಡು ತುದಿಗೆ ಕಟ್ಟಿದ್ದ ಬಾಳೆಕಂದಿನ ಎಲೆಗಳು ಪ್ಯಾನೆಲ್ಲಿನ ಮೇಲೆ ನೆರಳು ಚೆಲ್ಲಿದ್ದವು. ಎಮ್ಮೆಗೆ ಬರಬೇಕಿದ್ದ ಸೇವಂತಿಗೆ ಹಾರ ಮೊದಲನೇ ಪ್ಯಾನೆಲ್ಲಿನ ಕೊರಳಲ್ಲಿತ್ತು. ಬೆಳಗಿನ ಬಿಸಿಲಿಗೆ ಕಪ್ಪು ಗಾಜು ಹೊಳೆಯುತ್ತಿತ್ತು, ಅದರ ಮೇಲೆ ಬಿಳಿ ಪಟ್ಟೆ. ನಾನು ಚಪ್ಪಲಿ ಬಿಟ್ಟೆ. ಯಾಕೆ ಬಿಟ್ಟೆ ಅಂತ ನನಗೂ ಗೊತ್ತಿಲ್ಲ, ಕಾಲು ತಾನಾಗಿ ಬಿಟ್ಟಿತು.

ಮುನಿಯಪ್ಪ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಎಲೆಅಡಿಕೆ ಮಡಚುತ್ತಿದ್ದರು.

"ಏನ್ ಮುನಿಯಪ್ಪ ಇದು?"

"ಪೂಜೆ ಮೇಷ್ಟ್ರೇ. ನಿನ್ನೆ ಎಲ್ರೂ ಹೋದ್ಮೇಲೆ ಮಾಡ್ದೆ. ಚೆನ್ನಾಗ್ ಕಾಣ್ತಿದೆಯಾ?"

"ಗಾಜಿನ ಮೇಲೆ ಯಾಕ್ ಬಳಿದ್ರಿ?"

"ಮತ್ತೆ ಹಣೆ ಇರೋ ಕಡೆ ತಾನೆ ಹಚ್ಚೋದು? ಬೆನ್ನಿಗೆ ಹಚ್ತಾರಾ?"

"ಸರಿ. ವಿಭೂತಿ ಯಾಕೆ? ಮಷೀನಿಗೆ ಯಾರಾದ್ರೂ ವಿಭೂತಿ ಹಚ್ತಾರಾ?"

ಮುನಿಯಪ್ಪ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು.

"ನೀವು ಓದಿದೋರು, ನೀವೇ ಹೇಳಿ. ಇವು ಯಾವ ಕಡೆಗೆ ಮುಖ ಮಾಡಿ ಕೂತಿದಾವೆ?"

"ದಕ್ಷಿಣಕ್ಕೆ."

"ನಮ್ ಕಡೆ ದಕ್ಷಿಣಕ್ಕೆ ಬಾಗ್ಲು ಇಟ್ಟು ಯಾರಾದ್ರೂ ಮನೆ ಕಟ್ತಾರಾ? ಯಮನ ದಿಕ್ಕು. ಆ ಮೇಡಮ್ಮೋರು ಕೂರಿಸೋವಾಗ್ಲೇ ನಂಗೆ ಕಸಿವಿಸಿ ಆಯ್ತು. ಆಮೇಲೆ ಯೋಚ್ನೆ ಮಾಡ್ದೆ. ದಕ್ಷಿಣಕ್ಕೆ ಮುಖ ಮಾಡ್ಕೊಂಡು, ಬಾಯಿ ಬಿಡ್ದೆ, ಸುಮ್ನೆ ಕೂತು ಎಲ್ಲಾನೂ ಕೊಡೋನು ಯಾರು? ದಕ್ಷಿಣಾಮೂರ್ತಿ ಸಾಮಿ! ಈಶ್ವರನಿಗೆ ವಿಭೂತಿ ಹಚ್ದೆ ಇನ್ನೇನ್ ನಾಮ ಹಾಕೋಕಾಗುತ್ತಾ?"

ಸದ್ದಿಲ್ಲದೆ ಕೂತು ಕೊಡುವವನು! ಬೇಸಿಗೆಯಿಂದ ಆ ಪ್ಯಾನೆಲ್ಲುಗಳನ್ನು ನೋಡುತ್ತಿದ್ದೇನೆ, ಅವುಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ನನಗೆ ಹೊಳೆದಿರಲಿಲ್ಲ.

ಆದರೂ ನಾನು ಬಂದ ಕೆಲಸ ಬೇರೆಯಿತ್ತು. ಕೇಳಲೇಬೇಕಿತ್ತು.

"ಮುನಿಯಪ್ಪ, ನಿಜ ಹೇಳಿ. ಇದು ಬಂದ್ಮೇಲೆ ನಿಮ್ಮ ಕೆಲಸ ಹೋಗುತ್ತೆ ಅಂತ ಎಲ್ರೂ ಆಡ್ಕೊತಿದಾರೆ. ನಿಮಗೆ ಅದರ ಮೇಲೆ ಹೊಟ್ಟೆಕಿಚ್ಚು ಇರಲಿಲ್ವಾ?"

"ಇತ್ತು," ಅಂದರು ತಕ್ಷಣ. "ಇರ್ಲಿಲ್ಲ ಅಂದ್ರೆ ನಾಲಿಗೆ ಬಿದ್ದೋಗುತ್ತೆ. ಅವತ್ತು ಕರೆಂಟ್ ಹೋದಾಗ ಸ್ಟಾರ್ಟರ್ ಹಿಡ್ಕೊಂಡು ನಿಂತಿದ್ನಲ್ಲ, ಅವತ್ತು ಅತ್ತಿದೀನಿ ಮೇಷ್ಟ್ರೇ. ಆದ್ರೆ ಅತ್ತು ಏನ್ ಮಾಡೋದು? ಚಿಕ್ಕೆಜಮಾನ್ರನ್ನ ಕೇಳಿದ್ರೆ ಅವರಾದ್ರೂ ಏನ್ ಮಾಡ್ತಾರೆ? ಬಂದಿರೋರು ಇವರು. ಇವರನ್ನೇ ಕೇಳ್ಬೇಕು ಅನ್ನಿಸ್ತು."

"ಯಾರನ್ನ?"

ಗದ್ದ ಎತ್ತಿ ಪ್ಯಾನೆಲ್ಲಿನ ಕಡೆ ತೋರಿಸಿದರು.

"ನಿನ್ನೆ ಕೈಮುಗಿದು ಕೇಳ್ಕೊಂಡೆ. ಬಂದಿದೀಯ, ಬಾಪ್ಪ. ಜಾಗ ಬಿಡ್ತೀನಿ. ಆದ್ರೆ ನಂಗೂ ನಿನ್ ಹತ್ರ ಒಂದ್ ಮೂಲೇಲಿ ಏನಾದ್ರೂ ಕೆಲಸ ಇಟ್ಕೊ ಅಂದೆ."

"ಮತ್ತೆ ಎಮ್ಮೆಗೆ? ಅದಕ್ಕೆ ಒಂದೇ ಬೊಟ್ಟು ಇಟ್ಟಿದೀರಲ್ಲ?"

"ಅದು ಮನೇದು ಮೇಷ್ಟ್ರೇ. ಮನೇವ್ರಿಗೆ ಕೊನೇಲಿ ಬಡಿಸಿದ್ರೆ ಬೇಜಾರು ಮಾಡ್ಕೊಳಲ್ಲ. ಹೊಸದಾಗಿ ಬಂದ ಅಳಿಯಂಗೆ ಮೊದ್ಲು ಎಲೆ ಹಾಕ್ಬೇಕಲ್ವಾ?"

ನಾನು ಮುಖ ತಿರುಗಿಸಿ ಬೀದಿಯ ಕಡೆ ನೋಡುತ್ತಾ ನಿಂತೆ. ಹಿಂದಿನಿಂದ ಕಿರುಚಿದ ಸದ್ದು ಬಂತು.

"ಅಯ್ಯೋ ದೇವ್ರೇ!"

ಸಹನಾ. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಮೊಬೈಲು, ಮೈಮೇಲೆ ಹಬ್ಬದ ರೇಷ್ಮೆ ಚೂಡಿದಾರ.

"ಹೌದಮ್ಮ, ದೇವ್ರೇ. ಕೈ ಮುಗೀರಿ," ಅಂದರು ಮುನಿಯಪ್ಪ.

"ಏನ್ ಕೈ ಮುಗಿಯೋದು! ಏನ್ ಮಾಡಿಟ್ಟಿದೀರಾ ನೀವು? ಗೊತ್ತಾ ನಿಮಗೆ, ಒಂದೊಂದು ಪ್ಯಾನೆಲ್ ಒಳಗೂ ಸಣ್ಣ ಸಣ್ಣ ಚೌಕಗಳು ಸಾಲಾಗಿ ಕೈಕೈ ಹಿಡ್ಕೊಂಡಿರ್ತವೆ. ಒಂದನ್ನ ಮುಚ್ಚಿದ್ರೆ ಪಕ್ಕದವೂ ಸೋತೋಗ್ತವೆ. ನೀವು ಎಲ್ಲದಕ್ಕೂ ಪಟ್ಟೆ ಎಳೆದಿದೀರಾ!"

ನನಗೆ ಅದು ಬೈಂಡಿಂಗ್ ಸಾಲಿನಂತೆ ಅರ್ಥವಾಯಿತು. ಹೊಲಿಯುವವರು ಒಬ್ಬರು ತೂಕಡಿಸಿದರೆ ಅವರ ಹಿಂದೆ ಅಂಟು ಹಚ್ಚುವವರು, ರಟ್ಟು ಹಾಕುವವರು ಎಲ್ಲರೂ ಕೈ ಕಟ್ಟಿ ಕೂರಬೇಕು. ಅದನ್ನೇ ಮುನಿಯಪ್ಪನಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು.

"ಹಂಗಾದ್ರೆ ನಾನು ಸಾಮಿ ಕಣ್ಣು ಮುಚ್ಚಿಬಿಟ್ನಾ?"

ಸಹನಾಳ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. "ಇರ್ಲಿ ಬಿಡಿ. ಬಟ್ಟೆ ಕೊಡಿ, ಒರೆಸ್ಬಿಡೋಣ. ಬಿಸಿಲು ಏರಿ ಗಾಜು ಕಾದ್ಮೇಲೆ ನೀರು ಹಾಕೋ ಹಾಗಿಲ್ಲ, ಬೇಗ."

"ಒರೆಸೋದಾ? ಹಂಗೆಲ್ಲಾ ಒರೆಸೋಕಾಗಲ್ಲ ತಾಯಿ. ಪೂಜೆಗೆ ಇಟ್ಟಿದ್ದನ್ನ ಕದಲಿಸ್ಬೇಕು. ಸಾಯಂಕಾಲ ಬನ್ನಿ ಮುಡಿದು ಬಂದು, ಮಂಗಳಾರತಿ ಮಾಡಿ, ಆಮೇಲೆ ಕೈ ಹಚ್ಚೋದು."

"ಸಾಯಂಕಾಲ ಸೂರ್ಯನೇ ಹೋದ್ಮೇಲೆ ಒರೆಸಿ ಯಾರಿಗೆ ಕರೆಂಟು?"

"ಅದು ನಂಗೊತ್ತಿಲ್ಲ. ಕದಲಿಸ್ದೆ ಮುಟ್ಟಿದ್ರೆ ಮಷೀನಿಗೆ ಆಗಲ್ಲ."

ಇಂಜಿನಿಯರಿಂಗು, ಶಾಸ್ತ್ರ ಎರಡೂ ನನ್ನ ಮುಖ ನೋಡಿದವು. ಇಂಥ ಹೊತ್ತಿನಲ್ಲಿ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಹೆಂಡತಿಗೆ ಫೋನ್ ಹಚ್ಚಿದೆ.

"ದಶಮಿ ಬಂದಾಗಿದೆ ತಾನೆ? ಬೆಳಿಗ್ಗೇನೇ ಕದಲಿಸ್ಬೋದು. ಮೊಸರನ್ನ ನೈವೇದ್ಯ ಇಡ್ಬೇಕು. ಇಲ್ಲಾಂದ್ರೆ ಬಾಳೆಹಣ್ಣು ಸಾಕು. ಇದಕ್ಕೂ ನನ್ನ ಕೇಳ್ಬೇಕಾ? ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ," ಅಂದಳು.

ಸ್ಪೀಕರಿನಲ್ಲಿತ್ತು. ಮುನಿಯಪ್ಪ ತಲೆಯಾಡಿಸಿದರು. ಅಮ್ಮೋರು ಹೇಳಿದ ಮೇಲೆ ಮುಗಿಯಿತು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. (ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡುವವನಿಗೆ ಯೋಚನೆ ಮಾಡಲು ಟೈಮು ಬೇಕಾದಷ್ಟು ಸಿಗುತ್ತದೆ. ಆದರೂ.) ಮುನಿಯಪ್ಪ ಬಾಳೆಹಣ್ಣು ಇಟ್ಟು ಕರ್ಪೂರ ಹಚ್ಚಿದರು. ಗಂಟೆ ಹಿಡಿಯುವವರಿರಲಿಲ್ಲ. ಸಹನಾ ಹೆಲ್ಮೆಟ್ಟು ಕೆಳಗಿಟ್ಟು ತಾನೇ ಗಂಟೆ ಎತ್ತಿಕೊಂಡಳು. ಆ ಬಿಸಿಲಿನಲ್ಲಿ ಕರ್ಪೂರದ ಉರಿಯೇ ಕಾಣುತ್ತಿರಲಿಲ್ಲ. ತಟ್ಟೆಯ ಮೇಲೆ ಗಾಳಿ ಮಾತ್ರ ನಡುಗುತ್ತಿತ್ತು. ಮುನಿಯಪ್ಪ ಆ ಕಾಣದ ಉರಿಯನ್ನು ಒಂದೊಂದು ಪ್ಯಾನೆಲ್ಲಿಗೂ ಎತ್ತಿ ತೋರಿಸುತ್ತಾ ಸಾಲಿನುದ್ದಕ್ಕೂ ನಡೆದರು. ಪ್ರತಿ ಗಾಜಿನಲ್ಲೂ ಒಬ್ಬೊಬ್ಬ ಸೂರ್ಯನಿದ್ದ. ಕೆಳಗೆ ಬೀದಿಯಲ್ಲಿ ಆಟೋ ಹಾರ್ನು, ಮೇಲೆ ಗಂಟೆಯ ಸದ್ದು. ದೇವಸ್ಥಾನಗಳಿಗೇನು ಕಡಿಮೆ ನಮ್ಮ ಪೇಟೆಯಲ್ಲಿ? ಅಷ್ಟು ಭಕ್ತಿ ನನಗೆ ಎಲ್ಲೂ ಬಂದಿರಲಿಲ್ಲ.

ಆರತಿ ಮುಗಿದ ಮೇಲೆ ಬಾಳೆಕಂದು ಬಿಚ್ಚಿ ಒರೆಸಲು ಶುರುಮಾಡಿದರು. ಮೆತ್ತನೆ ಬಟ್ಟೆ, ಬಕೆಟ್ಟಿನಲ್ಲಿ ನೀರು. ಸಹನಾ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಳು. ಅದರಲ್ಲಿ ಎಷ್ಟು ಕರೆಂಟು ಬರುತ್ತಿದೆ ಅಂತ ತೋರಿಸುವ ಗೆರೆ ಕುಸಿದು ಮಲಗಿತ್ತು.

ಮೊದಲ ಸಾಲು ಮುಗಿಯಿತು. ಗೆರೆ ತಲೆ ಎತ್ತಿತು.

"ಮುನಿಯಪ್ಪೋರೆ, ಬನ್ನಿ ಇಲ್ಲಿ. ನೋಡಿ, ಏರ್ತಾ ಇದೆ," ಅಂದಳು.

ಮುನಿಯಪ್ಪ ಒದ್ದೆ ಕೈ ಪಂಚೆಗೆ ಒರೆಸಿಕೊಂಡು ಬಂದು ಬಗ್ಗಿ ನೋಡಿದರು.

"ಇದು ನಾನ್ ಒರೆಸಿದ್ದಕ್ಕಾ?"

"ನೀವು ಒರೆಸಿದ್ದಕ್ಕೇ."

"ತಡೀರಿ, ಇನ್ನೊಂದ್ ಸಾಲು ಒರೆಸ್ತೀನಿ."

ಒರೆಸಿದರು. ಓಡಿ ಬಂದು ನೋಡಿದರು. ಗೆರೆ ಇನ್ನೂ ಮೇಲೆ ಹೋಗಿತ್ತು. ಮತ್ತೆ ಓಡಿದರು. ಇಷ್ಟು ವರ್ಷ ಅವರು ಹಚ್ಚಿದರೆ ಹೊಗೆ ಬರುತ್ತಿತ್ತು, ಸದ್ದು ಬರುತ್ತಿತ್ತು, ಆಮೇಲೆ ಬೆಳಕು ಬರುತ್ತಿತ್ತು. ಈಗ ಬರೀ ಬಟ್ಟೆಯಲ್ಲಿ ಗಾಜು ಒರೆಸಿದರೆ ಬೆಳಕು ಹೆಚ್ಚಾಗುತ್ತದೆ! ಅವರ ಮುಖ ಜಾತ್ರೆಯಲ್ಲಿ ಮೊದಲ ಸಲ ಗಿರಗಿಟ್ಲೆ ಹಿಡಿದವರ ಹಾಗಾಗಿತ್ತು. ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಸುಮ್ಮನೆ ನಿಲ್ಲಲು ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಸಹನಾ ಮೊಬೈಲನ್ನು ಒಮ್ಮೆ ಮುಚ್ಚಿ ಮತ್ತೆ ತೆಗೆದು ನೋಡಿದಳು.

"ಏನಾಯ್ತಮ್ಮ?" ಅಂದೆ.

"ಹಬ್ಬಕ್ಕೆ ಮೊದಲು ಬರ್ತಿದ್ದಕ್ಕಿಂತ ಜಾಸ್ತಿ ಬರ್ತಾ ಇದೆ ಸಾರ್."

ಬಕೆಟ್ಟಿನ ನೀರು ನೋಡಿದೆ. ವಿಭೂತಿಯ ಬಿಳಿ, ಕುಂಕುಮದ ಕೆಂಪು ಕಾಣುತ್ತಲೇ ಇರಲಿಲ್ಲ. ಕರ್ರಗಿತ್ತು. ಮೈಸೂರು ರಸ್ತೆಯ ಧೂಳು, ಅಕ್ಕಪಕ್ಕದ ಜನರೇಟರುಗಳ ಮಸಿ, ನಮ್ಮದೇ ಫ್ಯಾಕ್ಟರಿಯ ಕಾಗದದ ಪುಡಿ. ಮಳೆಗೂ ಜಗ್ಗದೆ ಇಷ್ಟು ದಿನ ಅದೆಲ್ಲ ಗಾಜಿನ ಮೇಲೆ ಕೂತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಆಗಾಗ ತೊಳೀಬೇಕು ಅಂತ ನಾನು ಹೇಳಿದ್ದೆ. ಮಳೆ ಬಂದ್ರೆ ತೊಳ್ಕೊಳುತ್ತೆ ಬಿಡಿ ಅಂದ್ರು ಚಂದ್ರಣ್ಣ," ಅಂದಳು ಸಹನಾ ಸಣ್ಣ ದನಿಯಲ್ಲಿ. "ನಾನೂ ಸುಮ್ನಾಗ್ಬಿಟ್ಟೆ."

"ಯಾರು ನನ್ನ ಹೆಸರು ಹೇಳ್ತಿರೋದು?"

ಬಾಗಿಲಲ್ಲಿ ಚಂದ್ರಣ್ಣ. ಮನೆಯಲ್ಲಿ ಕೂರಲಾಗದೆ ಬಸವನಗುಡಿಯಿಂದ ಬಂದುಬಿಟ್ಟಿದ್ದರು. ಹಣೆಯಲ್ಲಿ ಕುಂಕುಮ, ಮೂಗಿನ ತುದಿಯಲ್ಲಿ ಕೋಪ. ಒದ್ದೆಯಾಗಿ ನಿಂತಿದ್ದ ಮುನಿಯಪ್ಪನನ್ನು ನೋಡಿದರು, ಮೂಲೆಯಲ್ಲಿ ರಾಶಿ ಹಾಕಿದ್ದ ಬಾಳೆಕಂದು, ಹಾರ ನೋಡಿದರು. ನನ್ನ ಕಡೆ ತಿರುಗಿದರು.

"ಹೇಳಿ ಮೇಷ್ಟ್ರೇ. ಬೇಕಂತ ಮಾಡಿದ್ನಾ?"

"ಹೌದು ಚಂದ್ರಣ್ಣ. ಬೇಕಂತ್ಲೇ ಮಾಡಿದಾರೆ," ಅಂದೆ.

ಮುನಿಯಪ್ಪ ತಲೆ ತಗ್ಗಿಸಿದರು.

"ಆದ್ರೆ ಏನ್ ಬೇಕು ಅಂತ ಮಾಡಿದ್ರು ಅನ್ನೋದನ್ನ ನೀವು ಕೆಳಗೆ ಬಂದು ನೋಡ್ಬೇಕು."

ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಎಮ್ಮೆ ತೋರಿಸಿದೆ. ಒಂದು ಬೊಟ್ಟು, ಒಂದು ನಿಂಬೆಹಣ್ಣು. ಮೇಲೆ ಕೇಳಿದ್ದನ್ನೆಲ್ಲ ಹೇಳಿದೆ. ಮೊದಲ ಹಾರ ಯಾರಿಗೆ ಹೋಯಿತು, ಯಾಕೆ ಹೋಯಿತು, ಮುನಿಯಪ್ಪ ಕೈಮುಗಿದು ಏನು ಕೇಳಿಕೊಂಡರು, ಎಲ್ಲ.

ಚಂದ್ರಣ್ಣ ಎಮ್ಮೆಯ ಮೈಮೇಲೆ ಕೈಯಿಟ್ಟು ನಿಂತರು. ಅವರ ತಂದೆ ಬದುಕಿದ್ದಾಗ ಪೂಜೆಯ ದಿನ ಇದರ ಮೇಲೆ ಮಗುವನ್ನು ಕೂರಿಸುತ್ತಿದ್ದರಂತೆ, ಆ ಮಗು ಚಂದ್ರಣ್ಣ. ಅದನ್ನು ನನಗೆ ಹೇಳಿದವರು ಮುನಿಯಪ್ಪ. ಚಂದ್ರಣ್ಣ ಬೊಟ್ಟನ್ನೇ ನೋಡುತ್ತಿದ್ದರು.

ಆಮೇಲೆ ಸರಸರ ಮೆಟ್ಟಿಲು ಹತ್ತಿದರು. ನಾನು ಹಿಂದೆ.

"ಮುನಿಯಣ್ಣ," ಅಂದರು. ಅಣ್ಣ ಅಂತ ಅವರು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. "ವಿಭೂತಿ ಹಚ್ಚಿ ನನ್ನ ಕರೆಂಟಿಗೆ ನಾಮ ಹಾಕ್ದಲ್ಲಪ್ಪ!"

ಸಹನಾ ಕಿಸಕ್ಕನೆ ನಕ್ಕಳು. ಮುನಿಯಪ್ಪ ನಗಲಿಲ್ಲ.

"ತಪ್ಪಾಯ್ತು ಚಿಕ್ಕೆಜಮಾನ್ರೇ."

"ಕೇಳು. ಎಮ್ಮೆ ಮಾರ್ತೀನಿ. ಅದನ್ನ ಇಟ್ಕೊಂಡು ಏನೂ ಮಾಡಕ್ಕಾಗಲ್ಲ. ನಿನಗೆ ಬೇಜಾರಾದ್ರೂ ಅಷ್ಟೇ."

ಮುನಿಯಪ್ಪ ಹ್ಞೂಂ ಅಂದರು.

"ನಿನ್ನ ಕೋಣೆ ನಿಂದೇ. ಇನ್ಮೇಲೆ ಈ ತಾರಸಿ ನಿಂದು. ಮೇಡಂ ಹೇಳಿದ್ ಹಾಗೆ ತೊಳಿ, ಒರೆಸು, ಹಕ್ಕಿ ಓಡಿಸು. ಸಂಬಳ ಮುಂಚಿನ ಹಾಗೇನೇ. ಏನಂತೀಯ?"

ಮುನಿಯಪ್ಪ ಏನಂದರು ಗೊತ್ತಾ? ಚಂದ್ರಣ್ಣನಿಗೆ ಏನೂ ಅನ್ನಲಿಲ್ಲ. ಅವರ ಕಡೆ ನೋಡಲೂ ಇಲ್ಲ. ತಿರುಗಿ, ಫಳಫಳ ಹೊಳೆಯುತ್ತಿದ್ದ ಪ್ಯಾನೆಲ್ಲುಗಳ ಕಡೆ ಎರಡೂ ಕೈ ಎತ್ತಿ ಮುಗಿದರು.

"ಕೊಟ್ಟೆಯಲ್ಲಪ್ಪ!" ಅಂದರು.

"ಲೇ, ಕೊಟ್ಟಿದ್ದು ನಾನು ಕಣೋ!" ಅಂತ ಚಂದ್ರಣ್ಣ ಕೂಗಿದರು.

ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಮುಂದಿನ ವರ್ಷ ಬೊಟ್ಟು ಇಡಬೇಕಾದರೆ ಗಾಜಿನ ಮೇಲಲ್ಲ, ಸುತ್ತಲಿನ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಇಡಬೇಕು ಅಂತ ಸಹನಾ ತಾನೇ ಬೆರಳಿಟ್ಟು ತೋರಿಸಿಕೊಟ್ಟಳು. "ಒಂದು ಬೊಟ್ಟು ನನ್ನ ಕಡೆಯಿಂದಾನೂ ಇಡಿ," ಅಂದಳು.

ನಾನು ಕೆಳಗಿಳಿದೆ. ಮೂರು ಅಂತಸ್ತಿನಲ್ಲೂ ಮಷೀನುಗಳು ಹಾರ ಹಾಕಿಕೊಂಡು ರಜೆಯಲ್ಲಿದ್ದವು. ಒಬ್ಬ ಮನುಷ್ಯ ಇಲ್ಲ, ಒಂದು ಲೈಟು ಉರಿಯುತ್ತಿಲ್ಲ. ಬ್ಯಾಟರಿ ಕೋಣೆಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಮಾತ್ರ ಅಂಕಿಗಳು ಓಡುತ್ತಿದ್ದವು. ಬ್ಯಾಟರಿ ತುಂಬಿತ್ತು. ನಮಗೆ ಬೇಡವಾದ ಬಿಸಿಲೆಲ್ಲ ತಂತಿ ಹಿಡಿದು ಬೀದಿಗೆ ಹೊರಟಿತ್ತು. ಆಯುಧಗಳಿಗೆಲ್ಲ ರಜೆ ಕೊಟ್ಟ ದಿನವೂ ರಜೆ ತೆಗೆದುಕೊಳ್ಳದೆ ದುಡಿಯುತ್ತಿದ್ದದ್ದು ಆ ಕಟ್ಟಡದಲ್ಲಿ ಅದೊಂದೇ. ಗೇಟಿನ ಆಚೆ ಯಾರದೋ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವ ಸದ್ದು ಬಂತು. ಹಬ್ಬದ ಚಟ್ನಿ ಇರಬೇಕು. ಅದರಲ್ಲಿ ಮುನಿಯಪ್ಪ ಒರೆಸಿದ ಬಿಸಿಲೂ ಒಂದಿಷ್ಟು ಸೇರಿತ್ತೋ ಏನೋ! ಆ ಮನೆಯವರಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ.

ಕೊತ್ತಂಬರಿ ಸೊಪ್ಪು ಮರೆತು ಮನೆಗೆ ಹೋದೆ. ಬೈಸಿಕೊಂಡೆ.

ಎಲ್ಲ ಶಕ್ತಿಯ ಮೂಲ ಸೂರ್ಯ ಅಂತ ಬರೆದು ನಾನು ಒಂದು ಅಂಕ ತೆಗೆದುಕೊಂಡು ಸುಮ್ಮನಾದವನು. ಅವನ ಮುಂದೆ ನಿಂತು, 'ಬಂದಿದೀಯ, ಬಾ, ಜಾಗ ಬಿಡ್ತೀನಿ, ನಂಗೂ ಒಂದು ಕೆಲಸ ಇಟ್ಕೊ' ಅಂತ ಕೇಳಬಹುದು ಅನ್ನುವುದು ಯಾವ ಪಾಠದಲ್ಲಿತ್ತು?